ಅಳುವುದಕ್ಕೂ ಒಂದು ಹಾಡು ಬೇಕು

‘ನಗುವ ಹೆಂಗಸನ್ನು ನಂಬಬಾರದು, ಅಳುವ ಗಂಡಸನ್ನು ನಂಬಬಾರದು’ ಎಂಬ ಗಾದೆಯನ್ನು ಕೇಳುತ್ತಲೇ ನಾವು ಬೆಳೆದೆವು. ಯಾರು ನಗಬೇಕು, ಯಾರು ಅಳಬೇಕು ಎಂಬುದನ್ನೂ ಸಮಾಜವೇ ತೀರ್ಮಾನಿಸಿದರೆ ಮನಸ್ಸಿನ ಗತಿ ಏನಾಗಬೇಕು? ಆದರೆ ಇಂಥ ಕಟ್ಟಳೆ ಮಾಡಿದ ಸಮಾಜವೇ ಅದರಿಂದ ತಪ್ಪಿಸಿಕೊಳ್ಳಲು ಒಂದು ಹಿತ್ತಿಲ ಬಾಗಿಲನ್ನೂ ಇಟ್ಟುಕೊಂಡಿತ್ತು. ಆ ಬಾಗಿಲ ಹೆಸರು ಹಾಡು. ಹಾಡಿನೊಳಗೆ ಗಂಡಸು ಅಳಬಹುದಿತ್ತು. ಹೆಂಗಸು ನಗಬಹುದಿತ್ತು, ಅತ್ತೆಯನ್ನು, ಗಂಡನನ್ನು, ಕೊನೆಗೆ ದೇವರನ್ನೂ ಬೈಯಬಹುದಿತ್ತು. ಹಾಡಿನಲ್ಲಿ ಹೇಳಿದ್ದಕ್ಕೆ ಯಾರೂ ಲೆಕ್ಕ ಕೇಳುತ್ತಿರಲಿಲ್ಲ.

ಸಂಗೀತ ಮನಸ್ಸಿಗೆ ಮದ್ದು ಎಂಬ ಮಾತು ಈಗ ಎಲ್ಲ ಕಡೆ ಕೇಳಿಬರುತ್ತಿದೆ. ಬೆಳಿಗ್ಗೆ ಈ ರಾಗ ಕೇಳಿ, ಮಲಗುವಾಗ ಆ ರಾಗ ಕೇಳಿ ಎಂಬ ಪಟ್ಟಿಗಳೂ ಬರುತ್ತಿವೆ. ಆ ಪಟ್ಟಿಗಳ ಬಗ್ಗೆ ನಮಗೆ ಹೇಳುವುದೇನಿಲ್ಲ. ನಮ್ಮ ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಕಡೆ ಹಾಡು ನೊಂದ ಮನಸ್ಸಿಗೆ ಏನು ಮಾಡುತ್ತ ಬಂದಿದೆ ಎಂಬುದನ್ನಷ್ಟೇ ಹೇಳಬೇಕೆನಿಸಿದೆ.

ನಾವು ಉರ್ದು ಶಾಲೆಯಲ್ಲಿ ಅಲಿಫ್ ಬೇ ಕಲಿತು ಆಮೇಲೆ ಕನ್ನಡ ಶಾಲೆ ಸೇರಿದವರು. ಹಾಗಾಗಿ ಬೀಸುವ ಕಲ್ಲಿನ ಹಾಡು ನಮಗೆ ಎರಡು ಭಾಷೆಯಲ್ಲಿ ಸಿಕ್ಕಿತು. ಕನ್ನಡದಲ್ಲಿ ಅದು ಬೀಸುವ ಪದ. ದಖನಿಯಲ್ಲಿ ಅದು ಚಕ್ಕಿನಾಮಾ. ವಿಜಾಪುರದ ಸೂಫಿ ಸಂತರ ಪರಂಪರೆಯಲ್ಲಿ 17ನೇ ಶತಮಾನದ ಹೊತ್ತಿಗೆ ಚಕ್ಕಿನಾಮಾ, ಚರಖಾನಾಮಾ, ಲೋರಿನಾಮಾ ಎಂಬ ಹಾಡುಗಳು ಹುಟ್ಟಿದವು. ಹೆಂಗಸರು ಹಿಟ್ಟು ಬೀಸುವಾಗ, ನೂಲುವಾಗ, ತೊಟ್ಟಿಲು ತೂಗುವಾಗ ಹಾಡಿಕೊಳ್ಳುವ ಹಾಡುಗಳವು. ವಿಜಾಪುರದ ಸೂಫಿಗಳ ಬಗ್ಗೆ ಪುಸ್ತಕ ಬರೆದ ಇತಿಹಾಸಕಾರ ರಿಚರ್ಡ್ ಈಟನ್ ಇವುಗಳ ಕಡೆ ವಿದ್ವಾಂಸರ ಗಮನ ಸೆಳೆದರು. ದೊಡ್ಡ ಗ್ರಂಥಗಳಿಗಿಂತ ಹೆಚ್ಚಾಗಿ ಇಂಥ ಹಾಡುಗಳ ಮೂಲಕವೇ ಸೂಫಿಗಳ ಮಾತು ಮನೆಯೊಳಗಿನ ಹೆಂಗಸರನ್ನು ಮುಟ್ಟಿತು ಎಂಬುದು ಅವರ ವಾದ.

ಮೌಲ್ವಿಯ ಮುಂದೆಯಾಗಲಿ, ಅತ್ತೆಯ ಮುಂದೆಯಾಗಲಿ ಬಾಯಿ ಬಿಡದ ಹೆಣ್ಣುಮಗಳು ನಸುಕಿನಲ್ಲಿ ಕಲ್ಲಿನ ಮುಂದೆ ಕೂತು ಬಾಯಿ ಬಿಡುತ್ತಿದ್ದಳು. ಕಲ್ಲು ತಿರುಗುವ ಲಯಕ್ಕೆ ಉಸಿರು ಹೊಂದಿಕೊಳ್ಳುತ್ತಿತ್ತು. ಹಿಟ್ಟಿನ ಗಿರಣಿ ಬಂದ ಮೇಲೆ ರಟ್ಟೆಯ ನೋವು ಹೋಯಿತು. ಅದು ಒಳ್ಳೆಯದೇ ಆಯಿತು. ಆ ದುಡಿತ ಮತ್ತೆ ಬರಲಿ ಎಂದು ಯಾವ ಹೆಂಗಸೂ ಬಯಸುವುದಿಲ್ಲ. ಆದರೆ ಕಲ್ಲಿನ ಜೊತೆ ಹೇಳಿಕೊಳ್ಳುವ ಆ ಒಂದು ತಾಸೂ ಹೋಯಿತು. ಅದರ ಬದಲಿಗೆ ಏನು ಬಂತು?

ಈ ಪ್ರಶ್ನೆ ನಮಗೆ ದೊಡ್ಡದಾಗಿ ಎದುರಾದದ್ದು ಸಿರುಗುಪ್ಪದ ನಮ್ಮ ಖಾಲಾ ಮನೆಯಲ್ಲಿ. 2021ರ ಬೇಸಿಗೆಯಲ್ಲಿ, ಕೊರೊನಾದ ಎರಡನೇ ಅಲೆಯಲ್ಲಿ, ಖಾಲಾ ತಮ್ಮ ಮಗನನ್ನು ಕಳೆದುಕೊಂಡರು. ಇಪ್ಪತ್ತಾರರ ಹುಡುಗ. ಜನಾಜಾಕ್ಕೆ ಬೆರಳೆಣಿಕೆಯ ಮಂದಿ. ಮುಖ ನೋಡಲಿಲ್ಲ, ಮೈ ಮುಟ್ಟಲಿಲ್ಲ. ಸಾವಿನ ಮನೆಗೆ ಬಂದು ಕೊರಳು ತಬ್ಬಿ ಅಳಬೇಕಾದ ನಾವೆಲ್ಲ ಫೋನಿನಲ್ಲಿ ‘ಸಬರ್ ಮಾಡಿ’ ಎಂದೆವು. ಖಾಲಾ ಅಳಲೇ ಇಲ್ಲ. ಆಮೇಲೆ ಮಾತೂ ನಿಂತಿತು. ಊಟದ ತಟ್ಟೆ ಮುಂದಿಟ್ಟರೆ ಅದನ್ನೇ ನೋಡುತ್ತ ಕೂರುತ್ತಿದ್ದರು. ರಾತ್ರಿ ನಿದ್ದೆಯಿಲ್ಲ.

ನಜರ್ ತಾಗಿದೆ ಎಂದರು, ತಾಯಿತ ಕಟ್ಟಿಸಿದರು, ದರ್ಗಾಕ್ಕೆ ಕರೆದೊಯ್ದರು. ಕೊನೆಗೆ ಬಳ್ಳಾರಿಗೆ ಕರೆತಂದು ಮನೋವೈದ್ಯರಿಗೆ ತೋರಿಸಿದೆವು. ವೈದ್ಯರು, ಇದು ಖಿನ್ನತೆ ಎಂಬ ಕಾಯಿಲೆ, ಸಕ್ಕರೆ ಕಾಯಿಲೆಗೆ ಹೇಗೆ ಔಷಧ ಇದೆಯೋ ಇದಕ್ಕೂ ಇದೆ, ಗುಳಿಗೆ ಕೆಲಸ ಮಾಡಲು ಎರಡು ಮೂರು ವಾರವಾದರೂ ಬೇಕು, ನಡುವೆ ಬಿಡಬೇಡಿ ಎಂದರು. ಹಾಗೆಯೇ ಆಯಿತು. ನಿದ್ದೆ ಬಂತು, ಊಟ ಸೇರಿತು. ಆದರೆ ಮಗನ ಹೆಸರು ಮಾತ್ರ ಖಾಲಾ ಬಾಯಿಂದ ಬರಲಿಲ್ಲ. ಒಂದು ವರ್ಷ ಕಳೆದರೂ ಬರಲಿಲ್ಲ.

2022ರ ಆಗಸ್ಟಿನಲ್ಲಿ ಮೊಹರಂ ಬಂತು. ನಮ್ಮ ಕಡೆ ಅದನ್ನು ಪೀರಲ ಹಬ್ಬ ಎನ್ನುತ್ತಾರೆ. ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರಲ್ಲಿ, ಕರ್ಬಲಾದ ಕತೆಯನ್ನು ಕನ್ನಡದಲ್ಲಿ ರಿವಾಯತ್ ಪದವಾಗಿ ಹಾಡುವವರಲ್ಲಿ ಮುಸ್ಲಿಮರಿಗಿಂತ ಕುರುಬರು, ನಾಯಕರು, ಲಿಂಗಾಯತರು, ದಲಿತರೇ ಹೆಚ್ಚಾಗಿರುವ ಊರುಗಳಿವೆ. ಆ ರಾತ್ರಿ ಖಾಲಾ ಓಣಿಗೆ ಬಂದ ಮೇಳದಲ್ಲಿ ಮುಂದೆ ನಿಂತು ಹಾಡಿದವನು ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುವ ಒಬ್ಬ ವಯಸ್ಸಾದ ಕುರುಬರವನು. ಹರೆಯದ ಕಾಸಿಂ ರಣಕ್ಕೆ ಹೋಗುವುದು, ತಾಯಿ ತಡೆಯುವುದು, ಅವನು ಹಿಂತಿರುಗದೆ ಹೋಗುವುದು, ಇದನ್ನು ಅವನು ಹಾಡುತ್ತಿದ್ದ. ನೀರಿಲ್ಲದ ಕರ್ಬಲಾ ಅವನ ಹಾಡಿನಲ್ಲಿ ನಮ್ಮ ಸೀಮೆಯ ಎರೆ ಹೊಲದಂತೆಯೇ ಬಿರುಕು ಬಿಟ್ಟಿತ್ತು.

ಬಾಗಿಲ ಹಿಂದೆ ನಿಂತಿದ್ದ ಖಾಲಾ ಹೊರಗೆ ಬಂದು ಕಟ್ಟೆಯ ಮೇಲೆ ಕೂತರು. ಹಾಡು ಮುಗಿದಾಗ, “ಇನ್ನೊಂದು ಸಲ ಹಾಡಪ್ಪಾ” ಎಂದರು. ಅವನು, “ಯಾವುದು ಬೂಬಮ್ಮಾ?” ಎಂದ. “ಆ ತಾಯಿ ಕೇಳ್ತಾಳಲ್ಲ, ಅದು.” ಅವನು ಮತ್ತೆ ಹಾಡಿದ. ಖಾಲಾ ಅತ್ತರು. ಓಣಿಯ ಹೆಂಗಸರು ಬಂದು ಸುತ್ತ ಕೂತು ಅತ್ತರು. ಒಂದು ವರ್ಷಕ್ಕೂ ಹಿಂದೆ ಆಗಬೇಕಾಗಿದ್ದ ಅಳು ಅದು. ಅಂದು ರಾತ್ರಿ ಖಾಲಾ ಮೊದಲ ಬಾರಿಗೆ ಮಗನ ಹೆಸರು ಹಿಡಿದು ಅವನ ಕತೆ ಹೇಳಿದರು.

ಇದನ್ನು ಪವಾಡ ಎಂದು ಓದಬಾರದು. ಗುಳಿಗೆ ಇಲ್ಲದಿದ್ದರೆ ಆ ಹೊತ್ತಿಗೆ ಕಟ್ಟೆಯವರೆಗೆ ನಡೆದು ಬರುವ ಶಕ್ತಿಯೂ ಖಾಲಾಗೆ ಇರುತ್ತಿರಲಿಲ್ಲ. ಆಮೇಲೂ ವೈದ್ಯರು ಹೇಳುವವರೆಗೆ ಗುಳಿಗೆ ನಡೆಯಿತು. ಔಷಧ ಅವರನ್ನು ಎಬ್ಬಿಸಿ ಕೂರಿಸಿತು. ಹಾಡು ಅವರನ್ನು ಜನರ ನಡುವೆ ಕೂರಿಸಿತು. ಎರಡೂ ಬೇಕಾಗಿತ್ತು.

ಈ ಎರಡಕ್ಕೂ ಬಳ್ಳಾರಿಯೇ ಸಾಕ್ಷಿ ಎಂಬುದು ನಮ್ಮವರಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ಮನಸ್ಸಿನ ಕಾಯಿಲೆಗೆ ದೊಡ್ಡ ಊರಿನ ಹುಚ್ಚಾಸ್ಪತ್ರೆಯೇ ಗತಿ ಎಂದು ದೇಶವೆಲ್ಲ ತಿಳಿದಿದ್ದ ಕಾಲದಲ್ಲಿ, 1985ರಿಂದ 90ರವರೆಗೆ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ನಡೆಸಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗಗಳನ್ನು ಗುರುತಿಸುವ ತರಬೇತಿ ಕೊಟ್ಟಿತು. ಅಗತ್ಯ ಔಷಧಗಳು ಹಳ್ಳಿಯ ಕೇಂದ್ರಗಳಲ್ಲೇ ಸಿಗುವಂತೆ ಮಾಡಿತು. ಜಿಲ್ಲಾ ಕೇಂದ್ರದಲ್ಲಿ ಮನೋವೈದ್ಯರ ತಂಡವಿತ್ತು. ಇದೇ ‘ಬಳ್ಳಾರಿ ಮಾದರಿ’ ಎಂದು ಹೆಸರಾಯಿತು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ನಾಲ್ಕು ಜಿಲ್ಲೆಗಳಲ್ಲಿ ಆರಂಭಿಸಿದಾಗ ಅದಕ್ಕೆ ಈ ಮಾದರಿಯೇ ಅಡಿಪಾಯ. ಗಣಿಯ ಧೂಳಿಗೆ, ರಾಜಕೀಯದ ಗದ್ದಲಕ್ಕೆ ಹೆಸರಾದ ನಮ್ಮ ಜಿಲ್ಲೆ ಇಂಥದ್ದಕ್ಕೂ ಹೆಸರಾಗಿದೆ ಎಂದು ಹೇಳಿಕೊಳ್ಳಲು ನಮಗೆ ಯಾಕೆ ಸಂಕೋಚ?

ಇನ್ನೊಂದು ಸಾಕ್ಷಿ ಕುರುಗೋಡಿನ ಕಡೆಯದು. ಅಲ್ಲಿಗೆ ಹತ್ತಿರದ ಕಲ್ಲುಕಂಬದಲ್ಲಿ ಗಂಡುಮಗುವಾಗಿ ಹುಟ್ಟಿ, ತನ್ನೊಳಗಿನ ಹೆಣ್ಣನ್ನು ಮುಚ್ಚಿಡಲಾಗದೆ ಮನೆಯಿಂದ ದೂರವಾದವರು ಮಂಜಮ್ಮ ಜೋಗತಿ. ಬದುಕೇ ಬೇಡವೆನಿಸಿ ಸಾವಿನ ಬಾಗಿಲು ತಟ್ಟಿ ಬಂದದ್ದನ್ನು, ಭಿಕ್ಷೆ ಬೇಡಿದ್ದನ್ನು, ಜನರಿಂದ ಅನುಭವಿಸಿದ ಹಿಂಸೆಯನ್ನು ಅವರೇ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ದಾವಣಗೆರೆಯಲ್ಲಿ ತಂದೆ ಹಾಡುತ್ತ, ಮಗ ಕೊಡ ಹೊತ್ತು ಕುಣಿಯುವುದನ್ನು ಕಂಡು ಅವರು ಆ ಕಲೆಗೆ ಮನಸೋತರು. ಮುಂದೆ ಕಾಳವ್ವ ಜೋಗತಿಯ ತಂಡ ಸೇರಿ ಜೋಗತಿ ನೃತ್ಯದಲ್ಲಿ, ಯಲ್ಲಮ್ಮನ ಹಾಡು-ನಾಟಕಗಳಲ್ಲಿ ಪಳಗಿದರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಬಂತು.

ಪ್ರಶಸ್ತಿಯ ಮಾತು ಬಿಡೋಣ. ಚೌಡಿಕೆಯ ನಾದ ಅವರ ನೋವನ್ನು ಅಳಿಸಿಹಾಕಿತೆಂದು ನಾವು ಹೇಳುವುದಿಲ್ಲ. ಮನೆ, ಊರು ಎಲ್ಲವೂ ‘ನಿನಗೆ ಇಲ್ಲಿ ಜಾಗವಿಲ್ಲ’ ಎಂದ ಮೇಲೆ ಹಾಡು ‘ಇಲ್ಲಿ ನಿಲ್ಲು’ ಎಂದು ಒಂದು ಜಾಗ ಕೊಟ್ಟಿತು. ಒಬ್ಬ ಗುರು, ಒಂದು ಮೇಳ, ನೋಡಲು ಕಾದು ಕೂತ ಜನ. ಮನಸ್ಸಿನ ಆರೋಗ್ಯ ಎಂಬುದರಲ್ಲಿ ಇದೂ ಸೇರುತ್ತದೆ.

ತಜ್ಞರ ಮಾತೂ ಇದಕ್ಕೆ ದೂರವಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ 2019ರಲ್ಲಿ ಕಲೆ ಮತ್ತು ಆರೋಗ್ಯದ ಬಗ್ಗೆ 3000ಕ್ಕೂ ಹೆಚ್ಚು ಅಧ್ಯಯನಗಳನ್ನು ಪರಿಶೀಲಿಸಿದ ವರದಿ ಹೊರತಂದಿತು. ಕಲೆಗಳು ಕಾಯಿಲೆ ತಡೆಯುವುದರಲ್ಲೂ ನಿಭಾಯಿಸುವುದರಲ್ಲೂ ನೆರವಾಗುತ್ತವೆ ಎಂದು ಅದು ಹೇಳಿತು. ಖಿನ್ನತೆಯ ಬಗ್ಗೆ 2017ರಲ್ಲಿ ಕೊಕ್ರೇನ್ ಸಂಸ್ಥೆ 9 ಅಧ್ಯಯನಗಳನ್ನು ಪರಿಶೀಲಿಸಿ, ಎಂದಿನ ಚಿಕಿತ್ಸೆಯ ಜೊತೆಗೆ ಸಂಗೀತ ಚಿಕಿತ್ಸೆಯೂ ಸೇರಿದಾಗ ಅಲ್ಪಾವಧಿಯಲ್ಲಿ ಹೆಚ್ಚು ಗುಣ ಕಾಣುತ್ತದೆ ಎಂದಿತು. ‘ಜೊತೆಗೆ’ ಎಂಬ ಮಾತನ್ನು ಓದುಗರು ಗಮನಿಸಬೇಕು. ಔಷಧ ಬಿಟ್ಟು ಹಾಡು ಕೇಳಿ ಎಂದು ಯಾವ ತಜ್ಞರೂ ಹೇಳಿಲ್ಲ.

ಹಾಡುವಾಗ ಉಸಿರು ನಿಧಾನವಾಗಿ ಹೊರಬರುತ್ತದೆ, ಮೈ ಸಡಿಲಾಗುತ್ತದೆ. ಹತ್ತು ಮಂದಿ ಕೂಡಿ ಹಾಡಿದರೆ ಹತ್ತು ಉಸಿರು ಒಂದು ಲಯಕ್ಕೆ ಬರುತ್ತವೆ. ಆದರೆ ಎಲ್ಲ ಹಾಡೂ ಎಲ್ಲ ಹೊತ್ತಿನಲ್ಲೂ ಒಳ್ಳೆಯದು ಮಾಡುತ್ತದೆ ಎಂದು ತಿಳಿಯಬಾರದು. ನೊಂದವರು ಒಬ್ಬರೇ ಕೂತು ಅದೇ ದುಃಖದ ಹಾಡನ್ನು ಮತ್ತೆ ಮತ್ತೆ ಕೇಳುತ್ತಿದ್ದರೆ ಕೊರಗು ಇನ್ನಷ್ಟು ಆಳಕ್ಕೆ ಇಳಿಯುವುದೂ ಉಂಟು. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಯುವ ನಮ್ಮ ಹುಡುಗರನ್ನು ನೋಡುತ್ತೇವೆ. ಮೊದಲು ಕೋಣೆಗೊಂದು ರೇಡಿಯೋ ಇತ್ತು. ಒಂದೇ ಹಾಡಿಗೆ ಎಲ್ಲರೂ ತಲೆ ಆಡಿಸುತ್ತಿದ್ದರು, ಹಾಡಿನ ಬಗ್ಗೆ ಜಗಳವಾಡುತ್ತಿದ್ದರು. ಈಗ ಒಬ್ಬೊಬ್ಬರ ಕಿವಿಯಲ್ಲಿ ಒಂದೊಂದು ಹಾಡು. ಪಕ್ಕದ ಮಿಷನ್ನಿನವನು ಎರಡು ದಿನದಿಂದ ಮಾತಾಡಿಲ್ಲ ಎಂಬುದು ಯಾರಿಗೂ ತಿಳಿಯುವುದಿಲ್ಲ.

ನಮ್ಮ ಸಮುದಾಯದೊಳಗಿನ ಪ್ರಶ್ನೆಯನ್ನೂ ಎತ್ತದೆ ಹೋಗುವಂತಿಲ್ಲ. ಹಾಡು ಹರಾಮ್, ಪೀರಲ ಹಬ್ಬ ಬಿದಅತ್ ಎನ್ನುವವರು ನಮ್ಮ ಮನೆಗಳಲ್ಲೇ ಇದ್ದಾರೆ. ‘ಸಾಬರ ಹಬ್ಬದಲ್ಲಿ ನೀವ್ಯಾಕೆ ಹಾಡುತ್ತೀರಿ’ ಎಂದು ಆ ಹಮಾಲಿಯಂಥವರನ್ನು ಕೇಳುವವರು ಇನ್ನೊಂದು ಕಡೆ ಹುಟ್ಟಿಕೊಂಡಿದ್ದಾರೆ. ಇಬ್ಬರ ನಡುವೆ ಸಿಕ್ಕಿ ರಿವಾಯತ್ ಮೇಳಗಳು ಸೊರಗುತ್ತಿವೆ. ನಾವು ಫತ್ವಾ ಕೊಡುವವರಲ್ಲ. ಆಲಿಮರಲ್ಲೇ ಇದರ ಬಗ್ಗೆ ಒಂದು ಮಾತಿಲ್ಲ ಎಂಬುದಷ್ಟು ಗೊತ್ತು. ಇಮಾಮ್ ಗಜಾಲಿಯವರು ‘ಇಹ್ಯಾ ಉಲೂಮುದ್ದೀನ್’ನಲ್ಲಿ ಸಮಾ, ಅಂದರೆ ಹಾಡು ಕೇಳುವುದರ ರೀತಿ-ನೀತಿಗಾಗಿಯೇ ಒಂದು ಭಾಗ ಮೀಸಲಿಟ್ಟರು. ತುರ್ಕಿಯ ಎದಿರ್ನೆ ಊರಿನಲ್ಲಿ ಸುಲ್ತಾನ್ ಎರಡನೇ ಬಾಯಜೀದ್ ಕಟ್ಟಿಸಿ, 1488ರಲ್ಲಿ ಮುಗಿದ ದಾರುಷ್ಷಿಫಾದಲ್ಲಿ ರೋಗಿಗಳಿಗೆ ಸಂಗೀತ ಕೇಳಿಸುತ್ತಿದ್ದರು. ಹತ್ತು ಮಂದಿ ಗಾಯಕ-ವಾದಕರು ವಾರಕ್ಕೆ ಮೂರು ಸಲ ಅಲ್ಲಿಗೆ ಬರುತ್ತಿದ್ದರೆಂದು 17ನೇ ಶತಮಾನದ ಪ್ರವಾಸಿ ಎವ್ಲಿಯಾ ಚೆಲೆಬಿ ಬರೆದಿದ್ದಾನೆ. ಮಸೀದಿಯ ಪಕ್ಕದಲ್ಲೇ ನಿಂತ ಆಸ್ಪತ್ರೆ ಅದು.

ವಾದ್ಯ ಬೇಡವೆನ್ನುವವರು ವಾದ್ಯ ಬಿಡಲಿ. ಆದರೆ ಶಾದಿ ಮನೆಯ ಹೆಂಗಸರ ಹಾಡನ್ನೂ, ಕರ್ಬಲಾದ ಅಳುವನ್ನೂ ನಿಲ್ಲಿಸುವ ಮೊದಲು ಒಂದು ಮಾತು ಯೋಚಿಸಬೇಕು. ಹಾಡು ನಿಲ್ಲಿಸಿದರೆ ದುಃಖ ನಿಲ್ಲುವುದಿಲ್ಲ. ಅದು ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತದೆ. ಆ ಬಾಗಿಲ ಹಿಂದೆ ಹೆಚ್ಚಾಗಿ ಇರುವವರು ನಮ್ಮ ಹೆಣ್ಣುಮಕ್ಕಳು.

ಮನೆಯಲ್ಲಿ ಯಾರಾದರೂ ವಾರಗಟ್ಟಲೆ ಮಂಕಾಗಿದ್ದರೆ, ನಿದ್ದೆ ಊಟ ಬಿಟ್ಟಿದ್ದರೆ, ಸಾಯುವ ಮಾತಾಡಿದರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಅದರ ಜೊತೆಗೆ ಅವರನ್ನು ನಾಲ್ಕು ಮಂದಿ ಕೂಡಿ ಹಾಡುವ ಕಡೆಗೂ ಕರೆತನ್ನಿ. ಭಜನೆಯಾಗಲಿ, ನಾತ್ ಆಗಲಿ, ತತ್ವಪದವಾಗಲಿ, ರಿವಾಯತ್ ಆಗಲಿ. ಹಾಡಲು ಬಾರದಿದ್ದರೆ ಪಕ್ಕದಲ್ಲಿ ಕೂತರೂ ಆದೀತು.