ಗುಂಡನ ಗೃಹಪ್ರವೇಶ

ಮನೆ ಖಾಲಿ ಮಾಡಬೇಕು, ಮಗನ ಮದುವೆ ಇದೆ ಅಂತ ಓನರ್ ಹೇಳಿದಾಗ ನನಗೆ ಮೊದಲು ನೆನಪಾಗಿದ್ದು ಫ್ರಿಜ್ಜಲ್ಲ, ಬೀರುವಲ್ಲ. ಗುಂಡ.

ಗುಂಡ ನಮ್ಮನೆಯ ಆಸ್ಕರ್ ಮೀನು. ಕುಲ ಸಿಕ್ಲಿಡ್, ಮೂಲ ಅಮೆಜಾನ್ ಸೀಮೆ. ಕಪ್ಪು ಮೈಮೇಲೆ ಕೆಂಡದ ಬಣ್ಣದ ಮಚ್ಚೆ, ಬಾಲದ ಬುಡದಲ್ಲಿ ಥೇಟ್ ಕಣ್ಣಿನ ಹಾಗೇ ಒಂದು ಬೊಟ್ಟು. ಐದು ವರ್ಷದ ಹಿಂದೆ ತಂದಾಗ ಎರಡಿಂಚು ಇದ್ದ, ಈಗ ಹನ್ನೊಂದು. "ಟ್ಯಾಂಕ್ ಎಷ್ಟಿರುತ್ತೋ ಅಷ್ಟೇ ಬೆಳೆಯೋದು ಸರ್" ಅಂದಿದ್ದ ಅಂಗಡಿಯವನು. ನಂಬಿ ಎರಡಡಿ ಟ್ಯಾಂಕು, ಎರಡು ಮರಿ ತಂದಿದ್ದೆ.

ಎರಡನೇ ಮರಿ ಹನ್ನೆರಡನೇ ದಿನಕ್ಕೆ ಸತ್ತಿತು. ನೀರು ನೋಡಿದರೆ ಬಿಸ್ಲೆರಿ ಹಾಗಿತ್ತು. ಅದೇ ಮೋಸ. ಮೀನು ತನ್ನ ಕಿವಿರಿನಿಂದಲೇ ಅಮೋನಿಯಾ ಹೊರಗೆ ಬಿಡುತ್ತೆ, ತಿನ್ನದೆ ಉಳಿದ ತಿಂಡಿ ಕೊಳೆತರೂ ಅದೇ ಬರುತ್ತೆ. ಕಣ್ಣಿಗೆ ಕಾಣಲ್ಲ. ಒಂದು ಜಾತಿ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತೆ, ಅದೂ ವಿಷವೇ. ಇನ್ನೊಂದು ಜಾತಿ ಅದನ್ನು ನೈಟ್ರೇಟ್ ಮಾಡುತ್ತೆ. ಅದು ಅಷ್ಟೊಂದು ಅಪಾಯ ಅಲ್ಲ, ವಾರಕ್ಕೊಮ್ಮೆ ಮೂರನೇ ಒಂದು ಭಾಗ ನೀರು ಬದಲಿಸಿದರೆ ಹತೋಟಿಯಲ್ಲಿರುತ್ತೆ. ಈ ಬ್ಯಾಕ್ಟೀರಿಯಾ ಫಿಲ್ಟರಿನ ಸ್ಪಂಜಿನಲ್ಲಿ ಸಂಸಾರ ಹೂಡೋಕೆ ನಾಲ್ಕರಿಂದ ಆರು ವಾರ ಬೇಕು. ನಾನು ಕೊಟ್ಟಿದ್ದು ಎರಡೇ ದಿನ. ಸಾಲದ್ದಕ್ಕೆ ಆ ಸ್ಪಂಜನ್ನು ನಲ್ಲಿ ಕೆಳಗೆ ಹಿಡಿದು ಉಜ್ಜಿ ಉಜ್ಜಿ ತೊಳೆದಿದ್ದೆ. ಅಲ್ಪಸ್ವಲ್ಪ ಬೆಳೆದಿದ್ದದ್ದೂ ಕ್ಲೋರಿನ್ನಿಗೆ ಆಹುತಿ. ನಾಯಿ ಸತ್ತರೆ ರಜೆ ಕೇಳಬಹುದು. ಎರಡಿಂಚಿನ ಮೀನಿಗೆ? ಪಾಟಿನಲ್ಲಿ ಹೂತು, ಸ್ಟ್ಯಾಂಡಪ್ ಮೀಟಿಂಗಿಗೆ ಹೋದೆ.

ಆಮೇಲೆ ನಾಲ್ಕಡಿ ಟ್ಯಾಂಕು ಬಂತು. ಒಳಗಿನ ನೀರೇ ಮುನ್ನೂರು ಲೀಟರು, ಅಂದ್ರೆ ಮುನ್ನೂರು ಕೇಜಿ. ನಾನು ಪ್ರೀತಿಯಿಂದ ನೆಟ್ಟ ಗಿಡಗಳನ್ನೆಲ್ಲ ಗುಂಡ ಒಂದೇ ರಾತ್ರಿಯಲ್ಲಿ ಕಿತ್ತು ತೇಲಿಸಿದ. ಜಲ್ಲಿಕಲ್ಲನ್ನು ಬಾಯಲ್ಲಿ ಹೊತ್ತು ಮೂಲೆಗೆ ಗುಡ್ಡೆ ಹಾಕಿದ. ನಾನು ಆಫೀಸಿಂದ ಬಂದರೆ ಗಾಜಿನ ಹತ್ತಿರ ಬಂದು ಮೈ ಕುಣಿಸುತ್ತಾನೆ, ಬೇರೆಯವರು ಬಂದರೆ ಹಿಂದೆ ಸರಿಯುತ್ತಾನೆ. ಊಟ ಕೊಡುವವನು ಅನ್ನೋ ಲೆಕ್ಕ ಅಷ್ಟೇ ಇರಬಹುದು. ಇರಲಿ, ಮ್ಯಾನೇಜರಿಗಿಂತ ವಾಸಿ.

ಮನೆ ಹುಡುಕಾಟದ ಕಥೆ ಬೆಂಗಳೂರಲ್ಲಿ ಇರೋರಿಗೆ ಹೇಳಬೇಕಾಗಿಲ್ಲ.

"ವೆಜಿಟೇರಿಯನ್ಸಾ?"

"ನಾವು ಹೌದು ಸರ್. ಮೀನು ಅಲ್ಲ."

ಮೀನು ಅಂದ್ರೆ ಎಲ್ಲರೂ ನಗುತ್ತಿದ್ದರು. ಮುನ್ನೂರು ಕೇಜಿ ಅಂದ ಕೂಡಲೇ ನಗು ನಿಲ್ಲುತ್ತಿತ್ತು. ಒಬ್ಬರಂತೂ ಕೆಳಗಿನ ಮನೆಯವರ ಸೀಲಿಂಗ್ ತೋರಿಸೋಕೇ ಕರ್ಕೊಂಡು ಹೋದರು.

ಆಗ ಶುರುವಾಯಿತು ಸಲಹೆ. "ಕೆರೆಗೆ ಬಿಟ್ಬಿಡು ಗುರೂ, ಫ್ರೀಡಮ್" ಅಂದ ಕಲೀಗು. ಶಿವಮೊಗ್ಗದಿಂದ ಅಮ್ಮನ ಫೋನು: "ಅಲ್ವೋ ಮಾರಾಯ, ಪಾಪದ್ದನ್ನ ಗಾಜಿನ ಡಬ್ಬದಲ್ಲಿ ಹಾಕಿ ಯಾಕೆ ಕೊಲ್ತೀಯ? ತಗಂಡು ಬಾ, ತುಂಗೆಗೆ ಬಿಡಣ. ಪುಣ್ಯ ಬರ್ತದೆ." ನಾನು ಚಿಕ್ಕವನಿದ್ದಾಗ ಶೃಂಗೇರಿಯ ಮೆಟ್ಟಿಲ ಮೇಲೆ ಕೂರಿಸಿ ಮೀನಿಗೆ ಮಂಡಕ್ಕಿ ಹಾಕಿಸಿದವಳು ಅವಳೇ. ಅವಳಿಗೆ ಹೇಗೆ ಹೇಳೋದು, ಗುಂಡ ಆ ಮೀನುಗಳ ಮರಿಗಳನ್ನೇ ನುಂಗುವವನು ಅಂತ.

ಮಾರ್ಕೆಟ್ಟಿನಲ್ಲಿ ಜಿಲೇಬಿ ಅಂತ ಮಾರ್ತಾರಲ್ಲ, ಆ ತಿಲಾಪಿಯಾ ಕೂಡ ಸಿಕ್ಲಿಡ್ಡೇ, ಗುಂಡನ ದೂರದ ದಾಯಾದಿ. ಆಫ್ರಿಕಾದ್ದು. 1952ರಲ್ಲಿ ಸಾಕೋಣ ಅಂತ ಇಂಡಿಯಾಗೆ ತಂದರು. ಇವತ್ತು ನಮ್ಮ ಯಾವ ಕೆರೆಗೆ ಗಾಳ ಹಾಕಿದರೂ ಅದೇ ಬರೋದು ಜಾಸ್ತಿ, ಊರಿನ ಹಳೇ ಮೀನುಗಳಿಗೆ ಜಾಗ ಇಲ್ಲ. ಒಂಟಿ ಗುಂಡ ಕೆರೆ ತುಂಬ ಮರಿ ಮಾಡಲ್ಲ, ನಿಜ. ಆದರೆ ಮನೆ ಖಾಲಿ ಮಾಡ್ತಿರೋನು ನಾನೊಬ್ಬನೇ ಅಲ್ಲವಲ್ಲ.

ಇಷ್ಟೆಲ್ಲ ಅಮ್ಮನಿಗೆ ಹೇಳಿದೆ. "ಹಂಗಾರೆ ತಂದಿದ್ದು ಯಾಕೆ?" ಅಂದಳು. ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಕೊನೆಗೆ ಆಫೀಸಿಂದ ಒಂಬತ್ತು ಕಿಲೋಮೀಟರ್ ಹೆಚ್ಚು ದೂರದಲ್ಲಿ, ನಾಲ್ಕು ಸಾವಿರ ಹೆಚ್ಚು ಬಾಡಿಗೆಗೆ ಒಂದು ಗ್ರೌಂಡ್ ಫ್ಲೋರ್ ಸಿಕ್ಕಿತು. ಹಾಲು ಉಕ್ಕಿಸೋಕೆ ಅಂತ ಅಮ್ಮ ಬಂದಳು. ಗುಂಡನನ್ನು ಮುಚ್ಚಳ ಇರೋ ದೊಡ್ಡ ಪ್ಲಾಸ್ಟಿಕ್ ಡ್ರಮ್ಮಿಗೆ ಹಾಕಿ, ಬ್ಯಾಟರಿ ಏರ್ ಪಂಪ್ ಇಟ್ಟೆ. ಫಿಲ್ಟರಿನ ಸ್ಪಂಜು ಟ್ಯಾಂಕಿನ ನೀರಲ್ಲೇ ಮುಳುಗಿಕೊಂಡು ಬೇರೆ ಬಕೆಟ್ಟಿನಲ್ಲಿ ಬಂತು, ಈ ಸಲ ತೊಳೆಯಲಿಲ್ಲ. ಕಾರಿನ ಹಿಂದಿನ ಸೀಟಲ್ಲಿ ಅಮ್ಮ ಡ್ರಮ್ಮಿನ ಮುಚ್ಚಳದ ಮೇಲೆ ಕೈ ಇಟ್ಟುಕೊಂಡು ಕೂತಿದ್ದಳು. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಅವನು ಒಳಗಿಂದ ಧಡ್ ಅಂತ ಗುದ್ದಿದ. "ಸುಮ್ನಿರೋ, ಬಂತು ಮನೆ" ಅಂದಳು.

ಹೊಸ ಮನೆಯಲ್ಲಿ ನಾಲ್ಕು ದಿನ ಗುಂಡ ಒಂದು ಮಗ್ಗುಲಾಗಿ ತಳದಲ್ಲಿ ಮಲಗಿದ್ದ. ಆಸ್ಕರ್‌ಗಳು ಹೀಗೆ ಮುನಿಸಿಕೊಳ್ಳೋದುಂಟು, ಗೊತ್ತಿತ್ತು. ಆದರೂ ರಾತ್ರಿ ಎರಡು ಸಲ ಎದ್ದು ಟೆಸ್ಟ್ ಕಿಟ್ ಹಿಡಿದು ಅಮೋನಿಯಾ ನೋಡಿದೆ. ಸೊನ್ನೆ. ಐದನೇ ದಿನ ಉಪ್ಪಿಟ್ಟಿಗೆ ಅಂತ ಬೇಯಿಸಿದ್ದ ಬಟಾಣಿಯಲ್ಲಿ ನಾಲ್ಕು ಕಾಳನ್ನು ಅಮ್ಮ ಸಿಪ್ಪೆ ತೆಗೆದು ನೀರಿಗೆ ಹಾಕಿದಳು. ಮೂರು ತಿಂದ. ನಾಲ್ಕನೆಯದನ್ನು ಅವಳ ಕಡೆಗೇ ಉಗುಳಿದ.

"ಉಪ್ಪಿಲ್ಲ ಅಂತ ಇರಬೇಕು" ಅಂದಳು.