ಮಾಸ್ತರರ ಕಾರಿನ ಬೆಲ್ಟು

ತೊಗರಿಯ ಹೊಲಗಳ ನಡುವಿನ ಯಡ್ರಾಮಿಯು 2018ರಲ್ಲಿ ಜೇವರ್ಗಿಯಿಂದ ಬೇರೆಯಾಗಿ ತಾಲೂಕಿನ ಊರೆನಿಸಿಕೊಂಡಿತು. ಆದರೂ ದೊಡ್ಡ ರೋಗಕ್ಕೂ ದೊಡ್ಡ ರಿಪೇರಿಗೂ ಅಲ್ಲಿಯ ಜನರು ಜೇವರ್ಗಿಯನ್ನು ಹಾಯ್ದು, ಕಟ್ಟಿ ಸಂಗಾವಿಯಲ್ಲಿ ಭೀಮೆಯನ್ನು ದಾಟಿ, ಕಲಬುರಗಿಯನ್ನೇ ಸೇರಬೇಕಾಗುವದು.

ಆ ಊರಿನ ನಿವೃತ್ತ ಮಾಸ್ತರರೊಬ್ಬರಲ್ಲಿ ಹಳೆಯದೊಂದು ಡೀಸೆಲ್ ಕಾರುಂಟು. ಪರರ ಕೈಯಿಂದ ಕೊಂಡಾಗ ಅದರ ಮೀಟರು 70,000 ಕಿಲೋಮೀಟರನ್ನು ತೋರಿಸುತ್ತಿದ್ದಿತು. ಹೋದ ಬೇಸಿಗೆಯಲ್ಲಿ 1,40,000 ದಾಟಿತು. ಮಾಸ್ತರರ ಮಡದಿಗೆ ಮೂತ್ರಪಿಂಡದ ಬೇನೆ. ವಾರಕ್ಕೆರಡು ಸಲ ಡಯಾಲಿಸಿಸಿಗೆಂದು ಆಕೆಯನ್ನು ಕಲಬುರಗಿಗೆ ಒಯ್ಯುವದು ಈ ಕಾರೇ.

“ಮಾಸ್ತರ್, ಟೈಮಿಂಗ್ ಬೆಲ್ಟ್ ಬದಲಿ ಮಾಡಸ್ರಿ” ಎಂದು ಮಿಸ್ತ್ರಿಯು ಎರಡು ಸಲ ಹೇಳಿದ್ದನು. ಮಾಸ್ತರರಿಗೆ ಇದು ಒಪ್ಪಿಗೆಯಾಗಲಿಲ್ಲ. ಕೀಲಿ ತಿರುವಿದೊಡನೆ ಎಂಜಿನು ಹತ್ತುವದು, ಸಪ್ಪಳವಿಲ್ಲ, ಹೊಗೆಯಿಲ್ಲ, ಇಲ್ಲದ ರೋಗಕ್ಕೆ ಮದ್ದೇಕೆ? ತೊಗರಿ ಮಾರಿ ಬಂದ ಹಣವನ್ನು ಮಳೆಗಾಲದ ಒಳಗೆ ಮಾಳಿಗೆ ರಿಪೇರಿಗೆಂದು ತೆಗೆದಿಟ್ಟಿದ್ದರು.

ಮಿಸ್ತ್ರಿಯು ಕೈಸನ್ನೆಯಿಂದಲೇ ವಿವರಿಸಿದನು. ಕೆಳಗೆ ಕ್ರ್ಯಾಂಕ್ ಎಂಬ ದಂಡವು ಎರಡು ಸುತ್ತು ತಿರುಗುವಷ್ಟರಲ್ಲಿ ಮೇಲೆ ಕ್ಯಾಮ್ ಎಂಬ ದಂಡವು ಸರಿಯಾಗಿ ಒಂದು ಸುತ್ತು ತಿರುಗಿ, ವಾಲ್ವುಗಳನ್ನು ತೆರೆದು ಮುಚ್ಚಬೇಕು. ಇವೆರಡನ್ನೂ ಒಂದೇ ತಾಳದಲ್ಲಿ ಹಿಡಿದಿರುವದು ಒಳಗೆ ಹುರಿಗಳುಳ್ಳ ಆ ರಬ್ಬರಿನ ಹಲ್ಲುಪಟ್ಟಿ. ಹಿಂದೆ ಈ ಕೆಲಸವನ್ನು ಉಕ್ಕಿನ ಸರಪಳಿಯೋ ಹಲ್ಲುಗಾಲಿಗಳೋ ಮಾಡುತ್ತಿದ್ದವು. ಇಂದಿಗೂ ಅನೇಕ ಕಾರುಗಳಲ್ಲಿ ಸರಪಳಿಯೇ ಇರುವದು. 1960ರ ದಶಕದ ಆರಂಭದಲ್ಲಿ ಜರ್ಮನಿಯ ಗ್ಲಾಸ್ ಕಂಪನಿಯು ತನ್ನ 1004 ಎಂಬ ಕಾರಿಗೆ ರಬ್ಬರಿನ ಪಟ್ಟಿಯನ್ನು ತೊಡಿಸಿದ ಮೇಲೆ ಅದು ಬಳಕೆಗೆ ಬಂದಿತು. ಸಪ್ಪಳ ಕಡಿಮೆ, ಬೆಲೆಯೂ ಕಡಿಮೆ. ಆದರೆ ಆಯುಷ್ಯವೂ ಕಡಿಮೆ. ಡೀಸೆಲ್ ಎಂಜಿನಿನಲ್ಲಿ ಗಾಳಿಯನ್ನು ಬಹಳ ಒತ್ತಬೇಕಾದ್ದರಿಂದ ಪಿಸ್ಟನ್ನಿಗೂ ವಾಲ್ವಿಗೂ ನಡುವೆ ಎಡೆ ತೀರ ಸ್ವಲ್ಪ. ಓಡುವಾಗ ಪಟ್ಟಿ ಹರಿದರೆ ಪಿಸ್ಟನ್ನು ಬಂದು ವಾಲ್ವಿಗೆ ಬಡಿಯುವದು, ವಾಲ್ವು ಬಾಗುವದು, ಕಾರು ಇದ್ದಲ್ಲೇ ನಿಲ್ಲುವದು. “ಅದು ಹೇಳಿ ಹರಿಯಂಗಿಲ್ರಿ, ಮಾಸ್ತರ್.”

ಕಂಪನಿಗಳು ಇಂಥ ಬೆಲ್ಟಿಗೆ ಸಾಮಾನ್ಯವಾಗಿ 60,000ದಿಂದ 1,00,000 ಕಿಲೋಮೀಟರಿನ, ಇಲ್ಲವೆ ಕೆಲವು ವರುಷಗಳ ಅವಧಿಯನ್ನು ಕೈಪಿಡಿಯಲ್ಲಿ ಬರೆದಿರುವವು. ಜೀವಮಾನವೆಲ್ಲ ಮಕ್ಕಳಿಗೆ ಪುಸ್ತಕ ಓದಿರೆಂದು ಹೇಳಿದ ಮಾಸ್ತರರು ಆ ಒಂದು ಪುಸ್ತಕವನ್ನು ತೆರೆದೇ ಇರಲಿಲ್ಲವೆಂಬದು ಸೋಜಿಗವೇ ಸರಿ.

ಮಾತು ಮನೆಗೆ ಮುಟ್ಟಿತು. ಮಡದಿ ಹೆಚ್ಚು ಆಡುವವಳಲ್ಲ. “ಮಾಳಗಿ ಸೋರಿದ್ರ ಬೋಗಾಣಿ ಇಟ್ಟರಾತು. ದಾರ್ಯಾಗ ಗಾಡಿ ನಿಂತರ ಏನ ಇಡ್ತೀರಿ?” ಎಂದಳು.

ಎರಡು ಡಯಾಲಿಸಿಸ್‌ಗಳ ನಡುವಣ ಬುಧವಾರದಂದು ಕಾರು ಕಲಬುರಗಿಯ ಗ್ಯಾರೇಜು ಸೇರಿತು. ಮಾಸ್ತರರು ಕಟ್ಟೆಯ ಮೇಲೆ ಕುಳಿತು ನೋಡಿದರು. ಮುಚ್ಚಳ ತೆಗೆದಾಗ ಬೆಲ್ಟು ಮೇಲ್ನೋಟಕ್ಕೆ ಹೊಸದರಂತೆಯೇ ಇದ್ದಿತು. ಮಿಸ್ತ್ರಿಯು ಅದನ್ನು ಬಿಚ್ಚಿ ಹಿಂದುಮುಂದಾಗಿ ಮಡಚಿ ಹಿಡಿದನು. ಹಲ್ಲುಗಳ ಬುಡಕ್ಕೆಲ್ಲ ಬಿರುಕು. ಕ್ರ್ಯಾಂಕಿನ ಸೀಲು ಸೋರಿ ಒಂದು ಅಂಚು ಎಣ್ಣೆಯಲ್ಲಿ ನೆನೆದಿದ್ದಿತು. ಬೆಲ್ಟನ್ನು ಬಿಗಿಹಿಡಿಯುವ ಟೆನ್ಷನರನ್ನು ಬೆರಳಿನಿಂದ ತಿರುವಿದರೆ ಬೇರಿಂಗು ಕರಕರ ಎನ್ನುತ್ತಿದ್ದಿತು. ಅದನ್ನೂ ಸೀಲನ್ನೂ ಅದೇ ಬೆಲ್ಟಿನಿಂದ ತಿರುಗುವ ನೀರಿನ ಪಂಪನ್ನೂ ಕೂಡಿಯೇ ಬದಲಿಸಬೇಕೆಂದಾಗ ಮಾಸ್ತರರು ಚೌಕಾಸಿ ಮಾಡಲಿಲ್ಲ. ಪಂಪು ಆರು ತಿಂಗಳ ಮೇಲೆ ಕೆಟ್ಟರೂ ಇಷ್ಟೆಲ್ಲವನ್ನೂ ಮತ್ತೆ ಬಿಚ್ಚಬೇಕಲ್ಲವೆ? ಕೂಲಿ ಎರಡು ಸಲ.

ಗುರುತಿಗೆ ಗುರುತು ಕೂಡಿಸಿ ಹೊಸ ಬೆಲ್ಟು ಹಾಕಿದ ಮೇಲೆ ಮಿಸ್ತ್ರಿಯು ಕೀಲಿಗೆ ಕೈಹಚ್ಚಲಿಲ್ಲ. ಪಾನಾ ಹಿಡಿದು ಎಂಜಿನನ್ನು ಕೈಯಿಂದಲೇ ಎರಡು ಪೂರ್ಣ ಸುತ್ತು ತಿರುವಿ, ಎಲ್ಲಿಯೂ ತಾಗುವದಿಲ್ಲವೆಂದು ಕಂಡು, ಗುರುತುಗಳನ್ನು ಮತ್ತೊಮ್ಮೆ ನೋಡಿದನು.

ಮಾಸ್ತರರು ಹಳೆಯ ಬೆಲ್ಟನ್ನು ಕಾಗದದಲ್ಲಿ ಸುತ್ತಿ ಮನೆಗೆ ತಂದರು. ಲೆಕ್ಕದ ವಹಿಯಲ್ಲಿ ತೊಗರಿಯ ಜಮೆಯ ಕೆಳಗೆ ತಾರೀಖನ್ನೂ ಮೀಟರಿನ ಅಂಕಿಯನ್ನೂ ಬರೆದರು. ಗುರುವಾರ ನಸುಕಿನಲ್ಲಿ ಕಾರು ಹೊರಟಿತು; ಭೀಮೆಯ ಸೇತುವೆ ಬರುವಷ್ಟರಲ್ಲಿ ಮಡದಿಗೆ ಹಿಂದಿನ ಆಸನದಲ್ಲಿ ನಿದ್ದೆ ಹತ್ತಿದ್ದಿತು.