ಒಂದು ಗಂಟೆ ಸಾಕಾ?

ನಮ್ಮ ಮನೆಯಲ್ಲಿ ಮಾಮು ಒಬ್ಬರನ್ನು ಬಿಟ್ಟರೆ ಇನ್ನೂ ಯಾರೂ ವಿಮಾನ ಹತ್ತಿಲ್ಲ. ಮಾಮು ಕಾಂಬೋಡಿಯಾದ ರಾಜಧಾನಿ ನೋಮ್ ಪೆನ್‌ನಲ್ಲಿ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಆಗಿದ್ದಾರೆ. ಕಳೆದ ಬಕ್ರೀದ್‌ಗೆ ಊರಿಗೆ ಬಂದಾಗ ಊಟ ಮಾಡುತ್ತಾ, "ಇವಳ ಪಿಯುಸಿ ಪರೀಕ್ಷೆ ಮುಗಿದ ಮೇಲೆ ಎಲ್ಲರೂ ಒಂದು ವಾರ ಬನ್ನಿ. ಏಪ್ರಿಲ್ ಮಧ್ಯದಲ್ಲಿ ಅಲ್ಲಿಯವರ ಹೊಸ ವರ್ಷ, ನನಗೂ ರಜೆ" ಎಂದರು. ಅಬ್ಬಾ "ನೋಡೋಣ" ಎಂದರು. ನಮ್ಮ ಮನೆಯಲ್ಲಿ "ನೋಡೋಣ" ಎಂದರೆ ಸಾಮಾನ್ಯವಾಗಿ "ಇಲ್ಲ" ಎಂದೇ ಅರ್ಥ. ಆದರೆ ಮರುದಿನ ಅವರೇ ನನ್ನನ್ನು ಕರೆದು, "ಮೊದಲು ನೀನು ಒಂದು ಪ್ಲಾನ್ ಬರೆದು ತೋರಿಸು. ಖರ್ಚಿನ ಮಾತು ಆಮೇಲೆ" ಎಂದುಬಿಟ್ಟರು.

ನಾನು ನೂರು ಪುಟದ ಒಂದು ನೋಟ್‌ಬುಕ್ ತಂದೆ. ಮೊದಲ ಪುಟದಲ್ಲಿ ಆಗಬೇಕಾದ ಕೆಲಸಗಳು: ಐದು ಜನಕ್ಕೆ ಪಾಸ್‌ಪೋರ್ಟ್, ಪ್ರವಾಸಿ ವೀಸಾ, ಬೆಂಗಳೂರಿನಿಂದ ಹೊರಟು ಬ್ಯಾಂಕಾಕ್ ಅಥವಾ ಕೌಲಾಲಂಪುರದಲ್ಲಿ ಬದಲಿಸುವ ವಿಮಾನ. ಎರಡನೇ ಪುಟದಲ್ಲಿ ಹಣ. ಅಲ್ಲಿ ರಿಯೆಲ್ ಎಂಬ ನೋಟಿನ ಜೊತೆಗೆ ಅಮೆರಿಕದ ಡಾಲರ್ ಕೂಡ ಅಂಗಡಿಗಳಲ್ಲಿ ನಡೆಯುತ್ತದೆ. ಒಂದು ಡಾಲರ್‌ಗೆ ಸುಮಾರು 4 ಸಾವಿರ ರಿಯೆಲ್. ಇದನ್ನು ಕೇಳಿ ಐದನೇ ತರಗತಿಯ ನನ್ನ ತಮ್ಮ ತಾನು ಅಲ್ಲಿ ಲಕ್ಷಾಧಿಪತಿಯಾಗುತ್ತೇನೆ ಎಂದು ಕುಣಿದ. ಮೂರನೇ ಪುಟ ಅಮ್ಮಿಯದು: ಊಟ ಮತ್ತು ನಮಾಜ್. ಅಲ್ಲಿ ಚಾಮ್ ಎಂಬ ಮುಸ್ಲಿಂ ಸಮುದಾಯ ಶತಮಾನಗಳಿಂದ ಇದೆ, ಹಲಾಲ್ ಊಟಕ್ಕೆ ತೊಂದರೆಯಿಲ್ಲ, ತಾನು ಜುಮಾಕ್ಕೆ ಹೋಗುವುದು ಅಲ್ ಸರ್ಕಾಲ್ ಮಸೀದಿಗೆ ಎಂದು ಮಾಮು ಫೋನಿನಲ್ಲಿ ಹೇಳಿದ ಮೇಲೆ ಅಮ್ಮಿಗೆ ಸಮಾಧಾನವಾಯಿತು.

ನಾಲ್ಕನೇ ಪುಟದಲ್ಲಿ ನದಿ. ನಮ್ಮ ಮನೆ ಶಿವಮೊಗ್ಗದಲ್ಲಿ ತುಂಗೆಗೆ ಹತ್ತಿರ. ಮಳೆಗಾಲದಲ್ಲಿ ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ ಮುಳುಗಿತೇ ಎಂದು ನೋಡಲು ಓಡುವವರು ನಾವು. ನೋಮ್ ಪೆನ್‌ನಲ್ಲಿ ಮೆಕಾಂಗ್, ಟೋನ್ಲೆ ಸಾಪ್, ಬಸಾಕ್ ನದಿಗಳು ಕೂಡುತ್ತವೆ. ಆ ಜಾಗದ ಹೆಸರು ಚಾಕ್ತೊಮುಕ್. ನಾಲ್ಕು ದಿಕ್ಕಿಗೆ ನೀರಿನ ಕವಲುಗಳು ಕಾಣುವುದರಿಂದ ಆ ಹೆಸರು. ಅದು ನಮ್ಮ "ಚತುರ್ಮುಖ"ವೇ ಎಂದು ತಿಳಿದಾಗ ಖುಷಿಯಾಯಿತು. ಅವರ ಲಿಪಿ ಕೂಡ ದಕ್ಷಿಣ ಭಾರತದ ಪಲ್ಲವ ಲಿಪಿಯಿಂದ ಬೆಳೆದದ್ದು. ಇನ್ನೂ ದೊಡ್ಡ ಆಶ್ಚರ್ಯವೆಂದರೆ ಮಳೆಗಾಲದಲ್ಲಿ ಮೆಕಾಂಗ್ ಉಕ್ಕಿ ಬಂದಾಗ ಟೋನ್ಲೆ ಸಾಪ್ ನದಿ ಹಿಮ್ಮುಖವಾಗಿ ಹರಿದು ದೊಡ್ಡ ಸರೋವರವನ್ನು ತುಂಬುತ್ತದೆ. ಮಳೆ ನಿಂತ ಮೇಲೆ ಮತ್ತೆ ತಿರುಗಿ ಕೆಳಗೆ ಹರಿಯುತ್ತದೆ. ಆಗ ದೋಣಿ ಓಟದ ಜಲೋತ್ಸವ ನಡೆಯುತ್ತದೆ. ದಾದಿಗೆ ಇದನ್ನು ಹೇಳಿದರೆ, "ನೀರು ಹಿಂದಕ್ಕೆ ಹರಿಯುತ್ತಾ? ನಿನ್ನ ಮಾಮು ಹೇಳಿದ್ದಲ್ವಾ? ಅವನ ಬುರುಡೆ ನನಗೆ ಗೊತ್ತು" ಎಂದು ನಕ್ಕರು.

ಐದನೇ ಪುಟದಲ್ಲಿ ದಿನಚರಿ. ಮೊಬೈಲ್‌ನಲ್ಲಿ ಒಂದು ವಿಡಿಯೋ ನೋಡಿ ಎರಡನೇ ದಿನಕ್ಕೆ ಹೀಗೆ ಬರೆದಿದ್ದೆ: "9 ಗಂಟೆ – ಅರಮನೆ. 11 ಗಂಟೆ – ಟುವೋಲ್ ಸ್ಲೆಂಗ್ ಜೈಲು ಮ್ಯೂಸಿಯಂ. 12 ಗಂಟೆ – ಸೆಂಟ್ರಲ್ ಮಾರ್ಕೆಟ್, ಶಾಪಿಂಗ್. ಸಂಜೆ – ದೋಣಿ, ಫೋಟೋ."

ಈ ನೋಟ್‌ಬುಕ್ಕನ್ನು ಹೆಮ್ಮೆಯಿಂದ ಕಾಲೇಜಿಗೆ ತಂದು ಗೆಳತಿಯರಿಗೆ ತೋರಿಸುತ್ತಿದ್ದೆ. ನಮ್ಮ ಇತಿಹಾಸದ ಮೇಡಂ ಅದನ್ನು ತೆಗೆದುಕೊಂಡು ಓದಿದರು. ಚೆನ್ನಾಗಿದೆ ಎನ್ನುತ್ತಾರೆ ಎಂದುಕೊಂಡೆ. ಅವರು ಆ 11 ಗಂಟೆಯ ಸಾಲಿನ ಮೇಲೆ ಬೆರಳಿಟ್ಟು, "ಇಲ್ಲಿಗೆ ಒಂದು ಗಂಟೆ ಸಾಕಾ?" ಎಂದು ಕೇಳಿದರು. ಅಷ್ಟೇ. ನೋಟ್‌ಬುಕ್ ವಾಪಸ್ ಕೊಟ್ಟು ಕ್ಲಾಸಿಗೆ ಹೋದರು.

ಆಮೇಲೆ ನಾನು ಓದಿದ್ದು ಇದು. 1975ರ ಏಪ್ರಿಲ್ 17ರಂದು ಪೋಲ್ ಪಾಟ್‌ನ ಖ್ಮೇರ್ ರೂಜ್ ಪಡೆ ನೋಮ್ ಪೆನ್ ಪ್ರವೇಶಿಸಿತು. ಕೆಲವೇ ದಿನಗಳಲ್ಲಿ ಇಡೀ ನಗರವನ್ನು ಖಾಲಿ ಮಾಡಿಸಿತು. ಆಸ್ಪತ್ರೆಯ ರೋಗಿಗಳನ್ನೂ ಬಿಡಲಿಲ್ಲ. ಎಲ್ಲರನ್ನೂ ಹಳ್ಳಿಗಳಿಗೆ ಅಟ್ಟಿ ಹೊಲದಲ್ಲಿ ದುಡಿಸಿದರು. ಶಾಲೆಗಳು ಮುಚ್ಚಿದವು. ಓದಿದವರು, ಮೇಷ್ಟ್ರುಗಳು, ವೈದ್ಯರು ಅನುಮಾನಕ್ಕೆ ಗುರಿಯಾದರು. 1979ರ ಜನವರಿಯಲ್ಲಿ ಆ ಆಡಳಿತ ಬೀಳುವಷ್ಟರಲ್ಲಿ ಹಸಿವು, ರೋಗ, ದುಡಿತ, ಕೊಲೆಗಳಿಂದ 15 ಲಕ್ಷಕ್ಕೂ ಹೆಚ್ಚು ಜನ ಸತ್ತಿದ್ದರು. ಚಾಮ್ ಮುಸ್ಲಿಮರ ನಮಾಜ್ ನಿಷೇಧವಾಯಿತು, ಕುರ್‌ಆನ್ ಪ್ರತಿಗಳನ್ನು ಸುಟ್ಟರು, ಹಂದಿಮಾಂಸ ತಿನ್ನಲು ಬಲವಂತ ಮಾಡಿದರು, ವಿರೋಧಿಸಿದ ಹಳ್ಳಿಗಳ ಜನರನ್ನು ಕೊಂದರು. ಅದು ನರಮೇಧವೇ ಎಂದು ವಿಶೇಷ ನ್ಯಾಯಾಲಯ ತೀರ್ಪು ಕೊಟ್ಟದ್ದು 2018ರಲ್ಲಿ. ನಾಲ್ಕು ದಶಕ ಕಾಯಬೇಕಾಯಿತು.

ನಾನು "ಜೈಲು ಮ್ಯೂಸಿಯಂ" ಎಂದು ಬರೆದ ಜಾಗ ಮೊದಲು ಜೈಲಾಗಿರಲಿಲ್ಲ. ಅದು ಒಂದು ಹೈಸ್ಕೂಲು. ಉದ್ದದ ವರಾಂಡ, ಸಾಲು ಕೋಣೆಗಳು, ಮಧ್ಯೆ ಮೈದಾನ. ಖ್ಮೇರ್ ರೂಜ್ ಅದಕ್ಕೆ ಎಸ್-21 ಎಂದು ಹೆಸರಿಟ್ಟಿತು. ತರಗತಿಗಳ ಒಳಗೆ ಇಟ್ಟಿಗೆ ಕಟ್ಟಿ ಒಬ್ಬೊಬ್ಬರು ಹಿಡಿಯುವಷ್ಟು ಗೂಡು ಮಾಡಿದರು. ಕೈದಿಗಳು ಮೇಲಿನಿಂದ ಹಾರಿ ಸಾಯಬಾರದೆಂದು ವರಾಂಡಕ್ಕೆ ಮುಳ್ಳುತಂತಿ ಬಿಗಿದರು. ಮೈದಾನದಲ್ಲಿ ಮಕ್ಕಳು ಕಸರತ್ತು ಮಾಡುತ್ತಿದ್ದ ಕಂಬಗಳಿಗೆ ಮನುಷ್ಯರನ್ನು ತೂಗುಹಾಕಿ ಹಿಂಸಿಸಿದರು. ಅಲ್ಲಿಗೆ ಬಂದ ಕನಿಷ್ಠ 12 ಸಾವಿರ ಮಂದಿಯಲ್ಲಿ ಬದುಕಿ ಹೊರಬಂದವರು ಬೆರಳೆಣಿಕೆಯಷ್ಟು. ಅವರಲ್ಲಿ ಒಬ್ಬರು ವಾನ್ ನಾಥ್. ಪೋಲ್ ಪಾಟ್‌ನ ಚಿತ್ರ ಬರೆಯಬಲ್ಲರು ಎಂಬ ಕಾರಣಕ್ಕೆ ಅವರನ್ನು ಉಳಿಸಿಕೊಂಡರು. ಹೊರಬಂದ ಮೇಲೆ ಅದೇ ಕೈಯಿಂದ ಅವರು ಒಳಗೆ ಕಂಡದ್ದನ್ನೆಲ್ಲ ಚಿತ್ರಿಸಿದರು. 2011ರಲ್ಲಿ ತೀರಿಕೊಂಡರು. ಕಳೆದ 2025ರಲ್ಲಿ ಯುನೆಸ್ಕೊ ಈ ಜಾಗವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಮರುದಿನ ಕ್ಲಾಸಿನಲ್ಲಿ ಕುಳಿತಾಗ ಪಾಠ ತಲೆಗೆ ಹೋಗಲಿಲ್ಲ. ನಮ್ಮದೂ ಉದ್ದದ ವರಾಂಡ, ಸಾಲು ಕೋಣೆಗಳು. ಬೆಂಚಿನ ಮೇಲೆ ಹಳೆಯ ಬ್ಯಾಚಿನವರು ಕಂಪಾಸಿನಿಂದ ಕೊರೆದ ಹೆಸರುಗಳಿವೆ. ಆ ಶಾಲೆಯ ಬೆಂಚುಗಳ ಮೇಲೂ ಹೆಸರುಗಳಿದ್ದಿರಬೇಕು. ಅಂಥ ಜಾಗವನ್ನು ನಾನು ಅರಮನೆಗೂ ಶಾಪಿಂಗ್‌ಗೂ ಮಧ್ಯೆ ಒಂದು ಗಂಟೆಯಲ್ಲಿ ಮುಗಿಸಲು ಹೊರಟಿದ್ದೆ. ನಾಚಿಕೆಯಾಯಿತು.

ಮನೆಯಲ್ಲಿ ಹೇಳಿದಾಗ ಜಗಳವೇ ಆಯಿತು. "ಸಾಲ ಮಾಡಿ ಅಷ್ಟು ದೂರ ಹೋಗಿ ಸಾವು ನೋಡಬೇಕಾ? ಮಕ್ಕಳು ಖುಷಿಯಾಗಿ ಇದ್ದು ಬರಲಿ ಅಂತ ತಾನೆ ಹೋಗೋದು?" ಎಂದರು ಅಬ್ಬಾ. ಅವರ ಮಾತು ತಪ್ಪೆಂದು ನನಗೆ ಈಗಲೂ ಅನ್ನಿಸುವುದಿಲ್ಲ. ಅಮ್ಮಿ ಸುಮ್ಮನಿದ್ದರು. ಕೊನೆಗೆ ಮಾತಾಡಿದ್ದು ದಾದಿ. "ಯಾರ ಮನೆಗೆ ಹೋದರೂ ಅಲ್ಲಿ ಸಾವಾಗಿದ್ದರೆ ಮೊದಲು ಅದನ್ನು ವಿಚಾರಿಸ್ತೀವಿ. ಆಮೇಲೆ ಚಾ ಕುಡೀತೀವಿ. ಇದೂ ಹಾಗೇ ಅಲ್ವಾ?" ಅಬ್ಬಾ ಉತ್ತರ ಕೊಡಲಿಲ್ಲ. "ಚಿಕ್ಕವನನ್ನು ಒಳಗೆ ಕರೆದುಕೊಂಡು ಹೋಗುವುದು ಬೇಡ" ಎಂದಷ್ಟೇ ಹೇಳಿದರು. ಅಂದರೆ ಒಪ್ಪಿದ ಹಾಗೆ.

ಈಗ ಎರಡನೇ ದಿನದ ಪುಟ ಹೀಗಿದೆ: "ಬೆಳಿಗ್ಗೆ ಪೂರ್ತಿ – ಟುವೋಲ್ ಸ್ಲೆಂಗ್. ನಾನು, ಅಬ್ಬಾ, ಮಾಮು. ಫೋಟೋ ಇಲ್ಲ. ಅಮ್ಮಿ, ದಾದಿ, ತಮ್ಮ – ನದಿ ದಂಡೆ. ಮಧ್ಯಾಹ್ನ ಎಲ್ಲರೂ ಮಸೀದಿಗೆ. ಸಂಜೆ ದೋಣಿ." ಏಪ್ರಿಲ್‌ನಲ್ಲಿ ಬಿಸಿಲು ಜೋರು, ಹೊಸ ವರ್ಷದ ರಜೆಗೆ ಜನ ಹಳ್ಳಿಗೆ ಹೋಗಿ ನಗರ ಅರ್ಧ ಖಾಲಿಯಾಗಿರುತ್ತದೆ, ಅಂಗಡಿಗಳು ಮುಚ್ಚಿರಬಹುದು ಎಂದು ಮಾಮು ಎಚ್ಚರಿಸಿದ್ದಾರೆ. ಅದನ್ನು ಕೇಳಿದಾಗ ನನಗೆ 1975ರ ಅದೇ ವಾರ ನೆನಪಾಯಿತು. ಈ ಸಲ ಹೋದವರು ನಾಲ್ಕು ದಿನಕ್ಕೆ ತಮ್ಮ ಮನೆಗೆ ವಾಪಸ್ ಬರುತ್ತಾರೆ.

ಪಾಸ್‌ಪೋರ್ಟ್‌ಗೆ ಪೊಲೀಸ್ ವೆರಿಫಿಕೇಶನ್ ಇನ್ನೂ ಬಾಕಿಯಿದೆ. ಹಣವೂ ಪೂರ್ತಿ ಕೂಡಿಲ್ಲ. ಅಬ್ಬಾ ಬಾಯಲ್ಲಿ ಇನ್ನೂ "ನೋಡೋಣ" ಎಂದೇ ಇದೆ. ಹೋಗುವುದು ಆಗದಿದ್ದರೂ ಈ ನೋಟ್‌ಬುಕ್ ವ್ಯರ್ಥವಾಯಿತು ಎಂದು ನನಗೆ ಅನ್ನಿಸಲಿಕ್ಕಿಲ್ಲ. ನಿಮ್ಮ ಮಾಮುವೋ ಚಾಚಾವೋ ದುಡಿಯುವ ಊರು ಯಾವುದು? ಸಂಬಳ ಎಷ್ಟು ಎಂದು ನಾವೆಲ್ಲ ಕೇಳುತ್ತೇವೆ. ಆ ಊರಿನಲ್ಲಿ ಹಿಂದೆ ಏನಾಗಿತ್ತು ಎಂದು ಒಮ್ಮೆ ಕೇಳಿ ನೋಡಿ.

ಹಾಂ, ನೀರು ಹಿಂದಕ್ಕೆ ಹರಿಯುವುದು ನಿಜವೇ ಎಂದು ಭೂಗೋಳದ ಸರ್ ಹತ್ತಿರ ಕೇಳಿ ಬಂದು ದಾದಿಗೆ ಹೇಳಿದ್ದೇನೆ. ಅವರು ಇನ್ನೂ ನಂಬಿಲ್ಲ. ಕಣ್ಣಾರೆ ನೋಡಿದ ಮೇಲೆ ನಂಬುತ್ತಾರಂತೆ. ಅದಕ್ಕೆ ಮಳೆಗಾಲದಲ್ಲಿ ಇನ್ನೊಂದು ಸಲ ಹೋಗಬೇಕಾಗುತ್ತದೆ ಎಂದು ಅಬ್ಬಾಗೆ ಇನ್ನೂ ಹೇಳಿಲ್ಲ.

– ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಕಲಾ ವಿಭಾಗ